ಕಣಜದಲ್ಲಿ ನಗೆ

ಗಂಭೀರವಾದ ಕಥೆಯಲ್ಲಿ ನಗೆಗೆ ಎಷ್ಟು ಎಡೆ ಕೊಡಬಹುದೆಂಬ ವಾದವು ಕಥೆಯಷ್ಟೇ ಹಳೆಯದು. ನಗೆ ಬಂದರೆ ಗಾಂಭೀರ್ಯವು ಕೆಡುವುದೆಂದು ಕೆಲವರು. ನಗೆಯೇ ಇಲ್ಲದ ಗಾಂಭೀರ್ಯವು ಉಪ್ಪಿಲ್ಲದ ಅಡಿಗೆಯೆಂದು ಮತ್ತೆ ಕೆಲವರು. ಅಮೆರಿಕಾ ದೇಶದ ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಕಥಾಮಾಲೆಯ ಅಭಿಮಾನಿಗಳು ಈ ವಾದವನ್ನು ಒಂದೇ ಒಂದು ಕಥೆಯನ್ನು ಮುಂದಿಟ್ಟುಕೊಂಡು ಐವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಸಿಕೊಂಡು ಬಂದಿರುವರು. ಎರಡು ಕಡೆಯವರ ಮಾತನ್ನೂ ಕೇಳಿ, ನಮಗೆ ತೋರಿದುದನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಈ ಮಾಲೆಯು ೧೯೬೬ನೆಯ ಇಸವಿ ಸೆಪ್ಟೆಂಬರ್ ೮ರಂದು ಆರಂಭವಾಗಿ, ೭೯ ಕಥೆಗಳನ್ನು ಕಂಡು, ೧೯೬೯ರ ಜೂನ್ ತಿಂಗಳಲ್ಲಿ ನಿಂತಿತು. ನಮ್ಮ ದೇಶದ ಮನೆಗಳಿಗೆ ಅದು ೧೯೮೦ರ ದಶಕದಲ್ಲಿ ದೂರದರ್ಶನದ ಮೂಲಕ ಭಾನುವಾರದ ಬೆಳಗ್ಗೆ ಬಂದಿತಾದ ಕಾರಣ, ಚೂಪು ಕಿವಿಯ ಸ್ಪಾಕನನ್ನೂ, ಆತನೊಡನೆ ಸದಾ ಜಗಳಕ್ಕೆ ನಿಲ್ಲುವ ವೈದ್ಯ ಮೆಕಾಯನನ್ನೂ, ನಾಯಕ ಕರ್ಕನನ್ನೂ ಬಲ್ಲವರು ವಾಚಕರಲ್ಲಿ ಅನೇಕರಿರಬಹುದು. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆಯಲ್ಲಿ ಕುಳಿತು ಲೋಕಲೋಕಾಂತರಗಳನ್ನು ಸುತ್ತುವ ಇವರ ಕಥೆಗಳು ಬಹುಮಟ್ಟಿಗೆ ಗಂಭೀರವಾದುವು. ಯುದ್ಧ, ಜನಾಂಗದ್ವೇಷ, ಯಂತ್ರದ ದರ್ಪ ಮೊದಲಾದ ವಿಷಯಗಳನ್ನು ಕುರಿತವು. ಇವುಗಳ ನಡುವೆ ೧೯೬೭ರ ಡಿಸೆಂಬರ್ ೨೯ರಂದು ಪ್ರಸಾರವಾದ ‘ಟ್ರಿಬಲ್‌ಗಳ ತೊಂದರೆ’ ಎಂಬರ್ಥದ ಹೆಸರುಳ್ಳ ಕಥೆಯೊಂದುಂಟು. ಇಂಗ್ಲಿಷಿನಲ್ಲಿ ‘ಟ್ರಬಲ್’ ಎಂಬ ಮಾತಿಗೂ ‘ಟ್ರಿಬಲ್’ ಎಂಬ ಹೆಸರಿಗೂ ಇರುವ ಪ್ರಾಸವೇ ಈ ಕಥೆಯ ಮೊದಲ ಚೇಷ್ಟೆ.

ಬರೆದವರು ಡೇವಿಡ್ ಗೆರಾಲ್ಡ್ ಎಂಬವರು. ಆಗ ಅವರಿಗೆ ವಯಸ್ಸು ೨೩. ಹಣಕ್ಕೆ ಮಾರಿದ ಮೊದಲನೆಯ ಬರಹವೇ ಇದು. ನಿರ್ದೇಶಿಸಿದವರು ಜೋಸೆಫ್ ಪೆವ್ನಿ ಎಂಬ ನುರಿತ ಕೈ.

ಕಥೆಯ ಸಾರವಿಷ್ಟು. ಷೆರ್ಮನ್ನನ ಗ್ರಹವೆಂಬ ನೆಲಕ್ಕಾಗಿ ಕರ್ಕನ ಒಕ್ಕೂಟಕ್ಕೂ ಕ್ಲಿಂಗನ್ನರೆಂಬ ಶತ್ರು ಜನಕ್ಕೂ ಪೈಪೋಟಿ. ಯಾರು ಆ ನೆಲವನ್ನು ಚೆನ್ನಾಗಿ ಸಾಗುವಳಿ ಮಾಡಿ ತೋರಿಸುವರೋ ಅದು ಅವರ ಪಾಲಿಗೆ ಎಂದು ಒಪ್ಪಂದವಾಗಿದೆ. ಅಲ್ಲಿ ಬೆಳೆಯಬಲ್ಲ ಭೂಮಿಯ ಧಾನ್ಯವು ಒಂದೇ: ಗೋದಿಗೂ ರೈ ಎಂಬ ಧಾನ್ಯಕ್ಕೂ ಹುಟ್ಟಿದ ಒಂದು ಮಿಶ್ರತಳಿ. ಆ ಧಾನ್ಯವನ್ನು ಒಂದು ಅಂತರಿಕ್ಷ ನಿಲ್ದಾಣದ ಕಣಜದಲ್ಲಿ ತುಂಬಿಟ್ಟಿರುವರು. ಅದನ್ನು ಕಾಯಬೇಕೆಂದು ಬ್ಯಾರಿಸ್ ಎಂಬ ದೊಡ್ಡ ಅಧಿಕಾರಿಯು ಯುದ್ಧಕಾಲದ ಅಪಾಯಸೂಚನೆಯನ್ನೇ ಕಳುಹಿಸಿ ಕರ್ಕನನ್ನು ಕರೆಸಿಕೊಳ್ಳುವನು. ಓಡೋಡಿ ಬಂದ ನಾಯಕನಿಗೆ ಕಾಣುವುದು ಬೇಳೆಕಾಳಿನ ಕಾವಲು! ಅವನ ಮುಖದಲ್ಲಿ ಹುಟ್ಟುವ ಸಿಡುಕು ಕಡೆಯವರೆಗೂ ಇಳಿಯುವುದಿಲ್ಲ.

ಅದೇ ನಿಲ್ದಾಣಕ್ಕೆ ಸಿರಾನೋ ಜೋನ್ಸ್ ಎಂಬ ತಿರುಗುವ್ಯಾಪಾರಿಯೊಬ್ಬನು ಬರುವನು. ಅವನ ಚೀಲದಲ್ಲಿರುವುದೇ ಟ್ರಿಬಲ್. ಕಣ್ಣಿಲ್ಲ, ಕಾಲಿಲ್ಲ, ಬಾಯಿ ಎಲ್ಲಿರುವುದೋ ತಿಳಿಯದು. ರೋಮದ ಒಂದು ಉಂಡೆ. ಕೈಯಲ್ಲಿ ಹಿಡಿದರೆ ಬೆಕ್ಕಿನಂತೆ ಗುರುಗುಟ್ಟುವುದು. ಹಿಡಿದವರ ಮನಸ್ಸು ಹಗುರವಾಗುವುದು. ನೌಕೆಯ ಉಹೂರಾ ಎಂಬ ಅಧಿಕಾರಿಣಿಯು ಒಂದನ್ನು ಪಡೆದು ನೌಕೆಗೆ ತರುವಳು. ಮರುದಿನಕ್ಕೆ ಅದು ಮರಿ ಹಾಕಿರುವುದು. ವೈದ್ಯ ಮೆಕಾಯನು ಪರೀಕ್ಷಿಸಿ ಹೇಳುವುದೇನೆಂದರೆ, ಈ ಪ್ರಾಣಿಯು ಹುಟ್ಟುವಾಗಲೇ ಗರ್ಭ ಧರಿಸಿ ಹುಟ್ಟುವುದು. ತಿನ್ನುವುದಕ್ಕೆ ಸಿಕ್ಕಿದರೆ ಸಾಕು, ಹೆರುತ್ತಲೇ ಇರುವುದು. ಆಮೇಲೆ ನಾಯಕನ ಆಸನದ ಮೇಲೆ ಟ್ರಿಬಲ್, ಊಟದ ತಟ್ಟೆಯಲ್ಲಿ ಟ್ರಿಬಲ್, ಗೋಡೆಯ ಸಂದಿನಲ್ಲಿ ಟ್ರಿಬಲ್.

ಕೊನೆಗೆ ಕರ್ಕನು ಕಣಜದ ಬಾಗಿಲನ್ನು ತೆಗೆಯುವನು. ತಲೆಯ ಮೇಲಿನ ಬಾಯಿಂದ ಧಾನ್ಯದ ಬದಲಾಗಿ ಟ್ರಿಬಲ್‌ಗಳು ಧಾರಾಕಾರವಾಗಿ ಸುರಿದು, ನಾಯಕನು ಎದೆಯವರೆಗೂ ಹೂತುಹೋಗುವನು. ಎಷ್ಟಿರಬಹುದೆಂಬ ಪ್ರಶ್ನೆಗೆ ಸ್ಪಾಕನು ಹುಬ್ಬು ಸಹ ಅಲುಗಿಸದೆ ಉತ್ತರ ಕೊಡುವನು: ೧೭,೭೧,೫೬೧.

ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲೋಣ. ಅಭಿಮಾನಿಗಳು ತಮ್ಮ ಮಕ್ಕಳಿಂದ ಲೆಕ್ಕ ಮಾಡಿಸಿ ನಲಿಯುವ ಸಂಖ್ಯೆ ಇದು. ಒಂದು ಟ್ರಿಬಲ್ ಹನ್ನೆರಡು ಗಂಟೆಗೊಂದಾವರ್ತಿ ಹತ್ತು ಮರಿ ಹಾಕುವುದೆಂದೂ, ಮೊದಲನೆಯದು ಕಣಜಕ್ಕೆ ಸೇರಿ ಮೂರು ದಿನವಾಯಿತೆಂದೂ ಸ್ಪಾಕನ ಎಣಿಕೆ. ತಾಯಿಯೊಂದು, ಮರಿಗಳು ಹತ್ತು; ಒಟ್ಟು ೧೧. ಅವು ಒಂದೊಂದೂ ಹಾಗೆಯೇ ಬೆಳೆದರೆ ಒಂದು ದಿನಕ್ಕೆ ೧೨೧. ಆಮೇಲೆ ೧,೩೩೧; ಎರಡು ದಿನ ತುಂಬುವಾಗ ೧೪,೬೪೧; ಆಮೇಲೆ ೧,೬೧,೦೫೧; ಮೂರನೆಯ ದಿನದ ಕಡೆಗೆ ೧೭,೭೧,೫೬೧. ಒಂದು ಅಂಕಿಯೂ ತಪ್ಪಿಲ್ಲ. ಹನ್ನೊಂದನ್ನು ಆರು ಸಲ ಗುಣಿಸುವ ಶ್ರಮವನ್ನು ಬರೆದವರು ತೆಗೆದುಕೊಂಡಿರುವರು. ನಗಿಸುವುದಕ್ಕೆ ಬಾಯಿಗೆ ಬಂದ ದೊಡ್ಡ ಸಂಖ್ಯೆಯೊಂದನ್ನು ಹೇಳಿದ್ದರೆ ಯಾರು ಕೇಳುತ್ತಿದ್ದರು? ಆದರೆ ಸ್ಪಾಕನು ಲೆಕ್ಕ ತಪ್ಪುವವನಲ್ಲ. ಅವನ ಸ್ವಭಾವವನ್ನು ನಗೆಗಾಗಿ ಸಡಿಲಿಸದೆ ಇದ್ದುದರಿಂದಲೇ ನಗೆಯು ಹುಟ್ಟಿದೆ. ಮೆಚ್ಚುವವರ ಪಕ್ಷದ ಮುಖ್ಯವಾದ ವಾದವು ಇದೇ: ಇಲ್ಲಿ ಯಾರೂ ನಗಿಸಲು ಹೊರಟಿಲ್ಲ. ಕರ್ಕನಿಗೆ ನಿಜವಾಗಿಯೂ ಸಿಟ್ಟು, ಬ್ಯಾರಿಸನಿಗೆ ನಿಜವಾಗಿಯೂ ಗಾಬರಿ. ಟ್ರಿಬಲ್‌ಗೆ ನಿಜವಾಗಿಯೂ ಹಸಿವು.

ಅವರು ಮತ್ತೊಂದು ಪ್ರಸಂಗವನ್ನೂ ಎತ್ತಿ ತೋರಿಸುವರು. ಅದನ್ನು ನಾವೂ ಬಹಳ ಮೆಚ್ಚಿದೆವು. ನಿಲ್ದಾಣದ ಪಾನಶಾಲೆಯಲ್ಲಿ ಕೊರಾಕ್ಸ್ ಎಂಬ ಕ್ಲಿಂಗನ್ನನು ಎಂಟರ್‌ಪ್ರೈಸಿನ ಜನರನ್ನು ಕೆಣಕುವನು. ಅವರ ನಾಯಕನನ್ನು ಬಾಯಿಗೆ ಬಂದಂತೆ ಬಯ್ಯುವನು. ಕಿರಿಯನಾದ ಚೆಕೋವನು ಕೈ ಎತ್ತಿ ಏಳುವನು. ಹಿರಿಯನಾದ ಸ್ಕಾಟನು ಅವನ ತೋಳು ಹಿಡಿದು ಕೂರಿಸುವನು. ಮಾತು ಮಾತಿಗೆ ಬಂದು ಕೊರಾಕ್ಸನು ಅವರ ನೌಕೆಯನ್ನು ಕಸ ಸಾಗಿಸುವ ದೋಣಿಯೆನ್ನುವನು. ಸ್ಕಾಟನು ಲೋಟವನ್ನು ಕೆಳಗಿಟ್ಟು, ನಿಧಾನವಾಗಿ ಎದ್ದು, ಅವನ ದವಡೆಗೆ ಒಂದು ಗುದ್ದು ಕೊಡುವನು; ಆಮೇಲೆ ಪಾನಶಾಲೆಯೆಲ್ಲ ಹೊಡೆದಾಟ. ಮುಂದಿನ ವಿಚಾರಣೆಯಲ್ಲಿ ಕರ್ಕನು ಮೊದಲ ಏಟು ಯಾರದೆಂದು ಕೇಳುವನು. ಸ್ಕಾಟನು ಸಂಕೋಚದಿಂದ ನಿಜವನ್ನು ಹೇಳುವನು. ನನ್ನ ಮಾನಕ್ಕಾಗಿ ಹೊಡೆದಾಡಿದರೆಂದು ಎಣಿಸಿದ್ದ ನಾಯಕನಿಗೆ, ನೌಕೆಯ ಮಾನಕ್ಕಾಗಿ ಎಂದು ತಿಳಿಯುವುದು. ಆ ಮುಖವನ್ನು ನೋಡಿಯೇ ತಿಳಿಯಬೇಕು. ಶಿಕ್ಷೆಯೆಂದು ಕೋಣೆಯಲ್ಲಿ ಕೂಡಿಹಾಕಿದರೆ, ಯಂತ್ರಶಾಸ್ತ್ರದ ಪತ್ರಿಕೆಗಳನ್ನು ಓದಲು ಬಿಡುವಾಯಿತೆಂದು ಸ್ಕಾಟನಿಗೆ ಸಂತೋಷ! ಹತ್ತು ಗಂಭೀರ ಕಥೆಗಳಲ್ಲಿ ಆ ಮನುಷ್ಯನ ವಿಷಯವಾಗಿ ತಿಳಿಯದಿದ್ದುದು ಈ ನಾಲ್ಕು ನಿಮಿಷಗಳಲ್ಲಿ ತಿಳಿಯುವುದು.

ಇನ್ನು ಮೆಚ್ಚದವರ ಪಕ್ಷ. ಇವರನ್ನು ನಗೆ ತಿಳಿಯದ ಒರಟರೆಂದು ತಳ್ಳಿಬಿಡುವುದು ನ್ಯಾಯವಲ್ಲ. ಮಾಲೆಯ ಮೂರನೆಯ ವರ್ಷಕ್ಕೆ ನಿರ್ಮಾಪಕರಾಗಿ ಬಂದ ಫ್ರೆಡ್ ಫ್ರೈಬರ್ಗರ್ ಅವರೇ ಈ ಪಕ್ಷದವರು. ಸ್ಟಾರ್ ಟ್ರೆಕ್ ಪ್ರಹಸನವಲ್ಲವೆಂದೂ, ಈ ಕಥೆಯು ತಮಗೆ ಹಿಡಿಸಲಿಲ್ಲವೆಂದೂ ಅವರು ಹೇಳಿದರೆಂದು ಗೆರಾಲ್ಡ್ ಅವರು ಬರೆದಿರುವರು. ಅಭಿಮಾನಿಗಳಲ್ಲಿ ಇದೇ ಮತದವರು ಕಾರಣಗಳನ್ನು ಕೊಡುವರು. ಅದೇ ೧೯೬೭ನೆಯ ಇಸವಿಯ ಮತ್ತೊಂದು ಕಥೆಯಲ್ಲಿ ಮೊದಲು ಕಾಣಿಸಿಕೊಂಡ ಕ್ಲಿಂಗನ್ನರು ಒಂದು ಗ್ರಹವನ್ನೇ ಹಿಡಿದು ಪ್ರಜೆಗಳನ್ನು ಕೊಲ್ಲಿಸುವ ಕ್ರೂರಿಗಳು. ಇಲ್ಲಿಯ ಕ್ಲಿಂಗನ್ ನಾಯಕ ಕೊಲೋತನಾದರೋ ಮದುವೆಮನೆಯ ಬೀಗರಂತೆ ನಸುನಗುತ್ತ ಉಪಚಾರದ ಮಾತನಾಡುವನು. ಶತ್ರುವಿನ ಭಯವು ಒಮ್ಮೆ ಹೋದರೆ ಮತ್ತೆ ಬರುವುದೇ? ನಾಯಕನ ತಲೆಯ ಮೇಲೆ ರೋಮದುಂಡೆಗಳನ್ನು ಸುರಿದ ಮೇಲೆ, ಮುಂದಿನ ವಾರ ಅವನು ಸಾವಿರ ಜೀವಗಳ ನಿರ್ಣಯ ಮಾಡುವಾಗ ನಂಬುವುದು ಹೇಗೆ?

ಈ ಮಾತಿನಲ್ಲಿ ಸತ್ಯಾಂಶವಿದೆ. ಕೊಲೋತನ ವಿಷಯದಲ್ಲಿ ಅವರ ಆಕ್ಷೇಪವನ್ನು ನಾವು ಒಪ್ಪುವೆವು. ಅವನಿಂದ ಯಾರಿಗೂ ಅಪಾಯವಾಗುವಂತೆ ತೋರುವುದಿಲ್ಲ. ಆದರೆ ನಗೆಯನ್ನು ಹೊರಗಟ್ಟಿದರೆ ಗಾಂಭೀರ್ಯವು ಉಳಿಯುವುದೆಂಬ ಎರಡನೆಯ ಮಾತಿಗೆ ಮಾಲೆಯ ಚರಿತ್ರೆಯೇ ಉತ್ತರ ಕೊಟ್ಟಿರುವುದು. ಹಾಸ್ಯಕ್ಕೆ ಪ್ರೋತ್ಸಾಹ ಕೊಡುತ್ತಿದ್ದ ನಿರ್ಮಾಪಕ ಜೀನ್ ಕೂನ್ ಅವರು ಎರಡನೆಯ ವರ್ಷದ ನಡುವೆಯೇ ಬಿಟ್ಟುಹೋದರು. ಮೂರನೆಯ ವರ್ಷದಲ್ಲಿ ಉದ್ದೇಶಪೂರ್ವಕವಾದ ನಗೆಯು ಬಹಳ ಕಡಿಮೆಯಾಯಿತು. ಆ ವರ್ಷದ ಮೊದಲ ಕಥೆಯು ೧೯೬೮ರ ಸೆಪ್ಟೆಂಬರ್ ೨೦ರಂದು ಬಂದ ‘ಸ್ಪಾಕನ ಮೆದುಳು’. ಯಾರೋ ಒಬ್ಬ ಸ್ತ್ರೀಯು ಸ್ಪಾಕನ ತಲೆಯಿಂದ ಮೆದುಳನ್ನು ಕದ್ದೊಯ್ಯುವಳು. ಮೆದುಳಿಲ್ಲದ ಸ್ಪಾಕನನ್ನು ಗುಂಡಿಯೊತ್ತಿ ನಡೆಸಿಕೊಂಡು ಸ್ನೇಹಿತರು ಹುಡುಕಲು ಹೊರಡುವರು. ನಗಬೇಕೆಂದು ಯಾರೂ ಅದನ್ನು ಬರೆಯಲಿಲ್ಲ. ಆದರೆ ಅಭಿಮಾನಿಗಳು ಇಂದಿಗೂ ಹೊಟ್ಟೆ ಹಿಡಿದು ನಗುವುದು ಆ ಕಥೆಗೆ. ಮುಂಬಾಗಿಲಲ್ಲಿ ನಗೆಯನ್ನು ತಡೆದರೆ ಅದು ಹಿತ್ತಲ ಬಾಗಿಲಿಂದ ಬರುವುದು. ಹಾಗೆ ಬಂದಾಗ ಮನೆಯವರನ್ನೇ ನೋಡಿ ನಗುವುದು.

ಮೂರನೆಯದೊಂದು ಸಣ್ಣ ಪಕ್ಷವೂ ಇದೆ. ಮಕ್ಕಳೂ, ಪ್ರಾಣಿಗಳನ್ನು ಸಾಕಿದವರೂ ಹೆಚ್ಚಾಗಿ ಇದಕ್ಕೆ ಸೇರುವರು. ಟ್ರಿಬಲ್‌ಗಳ ಗತಿಯೇನಾಯಿತು ಎಂಬುದು ಇವರ ಪ್ರಶ್ನೆ. ಈ ಪ್ರಶ್ನೆಯೇ ನಮ್ಮನ್ನು ಕಥೆಯ ನಡುಮನೆಗೆ ಕರೆದುಕೊಂಡು ಹೋಯಿತು.

ಕರ್ಕನ ಮೇಲೆ ಟ್ರಿಬಲ್‌ಗಳು ಸುರಿಯುವ ಆ ಚಿತ್ರವನ್ನು ಎಲ್ಲರೂ ನೆನೆದು ನಗುವರಷ್ಟೆ. ಅವು ಸತ್ತಿರುವ ಅಥವಾ ಸಾಯುತ್ತಿರುವ ಟ್ರಿಬಲ್‌ಗಳೆಂಬುದನ್ನು ಮರೆತುಬಿಡುವರು. ನಾಯಕನು ಕುತ್ತಿಗೆಯೆತ್ತಿ ಒದರಾಡುತ್ತಿರುವಾಗಲೇ ಸುತ್ತಲಿನವರು ಒಂದೊಂದನ್ನೇ ಎತ್ತಿ ನೋಡಿ ಇದನ್ನು ಗುರುತಿಸುವರು. ಕಾರಣವು ಮುಂದೆ ಮೆಕಾಯನಿಂದ ತಿಳಿಯುವುದು. ಧಾನ್ಯಕ್ಕೆ ವಿಷಕ್ರಿಮಿಯನ್ನು ಸೇರಿಸಿರುವರು. ಅದು ದೇಹದೊಳಗೆ ಹೊಕ್ಕ ಮೇಲೆ, ತಿಂದ ಅನ್ನವು ಮೈಗೆ ಹತ್ತದಂತೆ ಮಾಡುವುದು. ಕಣಜದ ತುಂಬ ಧಾನ್ಯವಿದ್ದು, ಹೊಟ್ಟೆಯ ತುಂಬ ತಿಂದು, ಆ ಪ್ರಾಣಿಗಳು ಉಪವಾಸದಿಂದ ಸತ್ತಿವೆ.

ಬರಗಾಲವೆಂಬುದನ್ನು ಅಜ್ಜಿಯರ ಬಾಯಿಂದಲಾದರೂ ಕೇಳಿ ಬೆಳೆದ ನಮ್ಮ ಕಡೆಯ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ಧಾನ್ಯವು ಷೆರ್ಮನ್ನನ ಗ್ರಹಕ್ಕೆ ಹೋಗಿ ಒಲೆಯ ಮೇಲೇರಿದ್ದರೆ, ತುತ್ತು ಉಂಡ ಪ್ರತಿಯೊಂದು ಮಗುವಿಗೂ ಇದೇ ಗತಿ. ಕಾಳು ತಿಂದುಹಾಕಿದುವೆಂದು ಶಾಪ ಹಾಕಿಸಿಕೊಂಡ ಟ್ರಿಬಲ್‌ಗಳೇ ಒಂದು ಜನಸಮೂಹವನ್ನು ಉಳಿಸಿದುವು. ವಿಷವನ್ನು ಬೆರೆಸಿದವನನ್ನು ಹಿಡಿದುಕೊಟ್ಟವೂ ಅವೇ. ಮನುಷ್ಯರ ಕೈಯಲ್ಲಿ ಗುರುಗುಟ್ಟುವ ಈ ಪ್ರಾಣಿಯು ಕ್ಲಿಂಗನ್ನರನ್ನು ಕಂಡರೆ ಕಿರಿಚಿಕೊಳ್ಳುವುದು. ಬ್ಯಾರಿಸನ ಆಪ್ತ ಸಹಾಯಕನಾದ ಡಾರ್ವಿನ್ ಎಂಬವನ ಮುಂದೆಯೂ ಹಾಗೆಯೇ ಕಿರಿಚಿಕೊಂಡಾಗ, ಅವನು ವೇಷ ಮರೆಸಿಕೊಂಡಿದ್ದ ಕ್ಲಿಂಗನ್ನನೆಂದು ಹೊರಬೀಳುವುದು.

ಹೀಗೆ ನೋಡಿದರೆ, ಎರಡು ಪಕ್ಷಗಳೂ ಜಗಳವಾಡುತ್ತಿರುವ ನಗೆ ಮತ್ತು ಗಾಂಭೀರ್ಯಗಳು ಈ ಕಥೆಯಲ್ಲಿ ಬೇರೆ ಬೇರೆ ಜಾಗದಲ್ಲಿಲ್ಲ. ಒಂದೇ ಚಿತ್ರದಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ರಾಶಿಯಲ್ಲಿರುವುವು. ಈ ಕಾರಣದಿಂದ ನಾವು ಮೊದಲನೆಯ ಪಕ್ಷವನ್ನೇ ಸೇರುವೆವು. ಆದರೆ ಆ ಪಕ್ಷದವರು ಸಾಮಾನ್ಯವಾಗಿ ಕೊಡುವ ಕಾರಣಕ್ಕಾಗಿ ಅಲ್ಲ. ಬಹಳ ಮುದ್ದಾಗಿದೆ ಎಂಬ ಒಂದೇ ಮಾತಿನಲ್ಲಿ ಅವರು ಕಥೆಯನ್ನು ಹೊಗಳಿಬಿಡುವರು. ಮುದ್ದಾಗಿರುವುದೇ ಇಲ್ಲಿ ಅಪಾಯವೆಂಬುದನ್ನು ಬರೆದವರು ಚೆನ್ನಾಗಿ ತಿಳಿದಿದ್ದರು. ಆಸ್ಟ್ರೇಲಿಯಾದ ಮೊಲಗಳ ವೃತ್ತಾಂತವು ಗೆರಾಲ್ಡ್ ಅವರ ಮನಸ್ಸಿನಲ್ಲಿದ್ದಿತು. ೧೮೫೯ರಲ್ಲಿ ವಿಕ್ಟೋರಿಯಾ ಪ್ರಾಂತದ ಥಾಮಸ್ ಆಸ್ಟಿನ್ ಎಂಬ ಭೂಮಾಲಿಕರು ಬೇಟೆಯ ವಿನೋದಕ್ಕೆಂದು ಕೆಲವು ಕಾಡುಮೊಲಗಳನ್ನು ಇಂಗ್ಲೆಂಡಿನಿಂದ ತರಿಸಿ ಬಿಟ್ಟರು. ಅಲ್ಲಿ ಅವುಗಳನ್ನು ಹಿಡಿದು ತಿನ್ನುವ ಪ್ರಾಣಿಗಳು ಸಾಲದೆ, ಐವತ್ತು ವರ್ಷಗಳೊಳಗಾಗಿ ಅವು ಖಂಡದ ಬಹುಭಾಗವನ್ನು ಮುತ್ತಿ ಮೇವನ್ನೂ ಬೆಳೆಯನ್ನೂ ಮುಗಿಸಿದುವು. ಮೊಲವು ಕೆಟ್ಟ ಪ್ರಾಣಿಯೆಂದು ಯಾರೂ ಹೇಳಲಾರರು.

ಇದೇ ವಸ್ತುವಿನ ಮತ್ತೊಂದು ವಂಶಾವಳಿಯೂ ಉಂಟು. ಹೈನ್‌ಲೈನ್ ಎಂಬ ಪ್ರಸಿದ್ಧ ಲೇಖಕರು ೧೯೫೨ರ ಒಂದು ಕಾದಂಬರಿಯಲ್ಲಿ ಮಂಗಳಗ್ರಹದ ಚಪ್ಪಟೆ ಬೆಕ್ಕುಗಳನ್ನು ಹೀಗೆಯೇ ಮರಿ ಹಾಕಿಸಿದ್ದರು. ಹೋಲಿಕೆಯನ್ನು ಕಂಡು ಗಾಬರಿಯಾದ ಸ್ಟಾರ್ ಟ್ರೆಕ್ ಕಚೇರಿಯವರು ಅವರನ್ನೇ ವಿಚಾರಿಸಿದರು. ಅವರು ಹಣ ಕೇಳಲಿಲ್ಲ. ಕೈಬರಹದ ಸಹಿಯುಳ್ಳ ಒಂದು ಪ್ರತಿ ಸಾಕೆಂದರು. ತಾವೂ ಅದನ್ನು ಎಲ್ಲಿಸ್ ಪಾರ್ಕರ್ ಬಟ್ಲರ್ ಎಂಬವರ ೧೯೦೫ರ ಒಂದು ನಗೆಗಥೆಯಿಂದ ಪಡೆದಿದ್ದುದೇ ಅವರ ಔದಾರ್ಯಕ್ಕೆ ಒಂದು ಕಾರಣವಿರಬೇಕು. ಆ ಕಥೆಯಲ್ಲಿ ರೈಲಿನ ಪಾರ್ಸೆಲ್ ಗುಮಾಸ್ತನೊಬ್ಬನು ಎರಡು ಗಿನಿಯಿಲಿಗಳಿಗೆ ಹಂದಿಯ ದರ ಹಾಕಬೇಕೋ ಸಾಕುಪ್ರಾಣಿಯ ದರ ಹಾಕಬೇಕೋ ಎಂದು ಹಟ ಹಿಡಿಯುವನು. ವ್ಯತ್ಯಾಸವು ಐದು ಸೆಂಟು. ಕಾಗದಪತ್ರಗಳು ಮೇಲಿನ ಕಚೇರಿಗೆ ಹೋಗಿ ಬರುತ್ತಿರುವಾಗ ಇಲಿಗಳು ಸಾವಿರಾರಾಗಿ ಸ್ಟೇಷನ್ನನ್ನೇ ತುಂಬುವುವು. ಸರಕಾರಿ ಕಡತದ ಪರಿಚಯವಿರುವ ನಮ್ಮ ವಾಚಕರಿಗೆ ಈ ಕಥೆಯೂ ರುಚಿಸುವುದೆಂದು ನಮ್ಮ ನಂಬಿಕೆ.

ಪ್ರಸಾರವಾದ ಕಾಲದಲ್ಲಿ ಸ್ಟಾರ್ ಟ್ರೆಕ್ ಮಾಲೆಯ ಆಯುಸ್ಸೇ ಸಂದೇಹದಲ್ಲಿದ್ದಿತು. ನಿಲ್ಲಿಸಬೇಡಿರೆಂದು ಅಭಿಮಾನಿಗಳು ಸಂಸ್ಥೆಗೆ ಪತ್ರಗಳ ಮಳೆಗರೆದರು. ೧೯೬೮ರ ಮಾರ್ಚ್ ೧ರಂದು, ಮಾಲೆಯು ಮುಂದುವರಿಯುವುದೆಂದೂ ಇನ್ನು ಪತ್ರ ಬರೆಯಬೇಡಿರೆಂದೂ ಸಂಸ್ಥೆಯವರು ಪ್ರಸಾರದಲ್ಲಿಯೇ ಹೇಳಬೇಕಾಯಿತು. ಅದೇ ವರ್ಷ ವೈಜ್ಞಾನಿಕ ಕಥೆಗಳಿಗಾಗಿ ಕೊಡುವ ಹ್ಯೂಗೋ ಪಾರಿತೋಷಕದ ದೃಶ್ಯವಿಭಾಗಕ್ಕೆ ಆಯ್ಕೆಯಾದ ಐದೂ ಸ್ಟಾರ್ ಟ್ರೆಕ್ ಕಥೆಗಳೇ. ಅವುಗಳಲ್ಲಿ ಟ್ರಿಬಲ್ ಕಥೆಯೂ ಒಂದು. ಗೆದ್ದುದು ಹಾರ್ಲನ್ ಎಲಿಸನ್ ಅವರು ಬರೆದ, ಕಣ್ಣೀರು ತರಿಸುವ ಮತ್ತೊಂದು ಕಥೆ. ಆ ತೀರ್ಪಿನ ಮೇಲೆ ನಮಗೆ ಜಗಳವಿಲ್ಲ.

ಗೃಹಿಣಿಯರಿಗೆ ವಿನೋದವಾಗಬಹುದಾದ ಒಂದು ಸಂಗತಿ. ವಾ ಚಾಂಗ್ ಎಂಬ ಶಿಲ್ಪಿಯು ರೂಪಿಸಿದ ಈ ಟ್ರಿಬಲ್‌ಗಳನ್ನು ಕೃತಕ ರೋಮದ ಬಟ್ಟೆಯಲ್ಲಿ ರಬ್ಬರ್ ನೊರೆಯ ಚೂರುಗಳನ್ನು ತುಂಬಿ ಹೊಲಿದರು. ಸುಮಾರು ೫೦೦ ಮಾತ್ರ ಇದ್ದುವು; ಹದಿನೇಳು ಲಕ್ಷವೆಂದು ನಂಬಿಸಿದುದು ಕ್ಯಾಮರಾದ ಕೈಚಳಕ. ಕಣಜದ ದೃಶ್ಯದಲ್ಲಿ ರಾಶಿಯೆಲ್ಲ ಬಿದ್ದಮೇಲೂ ಒಂದೊಂದು ಉಂಡೆಯು ಕರ್ಕನ ತಲೆಯ ಮೇಲೆ ತಪ್ಪತಪ್ಪನೆ ಬೀಳುತ್ತಲೇ ಇರುವುದು. ಮೇಲೆ ಅಡಗಿ ಕುಳಿತ ಕೆಲಸಗಾರರು ಒಂದೊಂದನ್ನೇ ಎಸೆಯುತ್ತಿದ್ದರು.

ಇದಕ್ಕೆ ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಒಂದು ಸಮಾಧಾನ ದೊರಕಿತು. ಸ್ಟಾರ್ ಟ್ರೆಕ್ಕಿನ ಮೂವತ್ತನೆಯ ವರ್ಷದ ಉತ್ಸವಕ್ಕೆಂದು ೧೯೯೬ರ ನವೆಂಬರಿನಲ್ಲಿ, ಆ ವಂಶದ ಮತ್ತೊಂದು ಮಾಲೆಯವರು ತಮ್ಮ ಪಾತ್ರಗಳನ್ನು ಗಣಕಯಂತ್ರದ ಸಹಾಯದಿಂದ ಹಳೆಯ ಚಿತ್ರದೊಳಕ್ಕೇ ಸೇರಿಸಿ ಹೊಸ ಕಥೆ ಕಟ್ಟಿದರು. ಅದರಲ್ಲಿ ಇಬ್ಬರು ಕಣಜದೊಳಗೆ ಕುಳಿತು, ಟ್ರಿಬಲ್‌ಗಳ ನಡುವೆ ಅಡಗಿಸಿಟ್ಟ ಸಿಡಿಗುಂಡನ್ನು ಹುಡುಕುತ್ತ, ಬೇಡವಾದವುಗಳನ್ನು ಒಂದೊಂದಾಗಿ ಹೊರಗೆ ಎಸೆಯುವರು. ಕರ್ಕನ ತಲೆಯ ಮೇಲೆ ಬೀಳುವುದು ಅವೇ! ಟ್ರಿಬಲ್‌ಗಳ ಗತಿ ಕೇಳುತ್ತಿದ್ದ ಸಣ್ಣ ಪಕ್ಷದವರಿಗೂ ಅದರಲ್ಲಿ ಉತ್ತರವಿದೆ, ಆದರೆ ಅದು ಸಂತೋಷದ ಉತ್ತರವಲ್ಲ. ಮೂಲಕಥೆಯ ಕೊನೆಯಲ್ಲಿ ಸ್ಕಾಟನು ಟ್ರಿಬಲ್‌ಗಳನ್ನೆಲ್ಲ ಕ್ಲಿಂಗನ್ನರ ನೌಕೆಗೆ ಸಾಗಿಸಿ ಕೈ ತೊಳೆದುಕೊಂಡಿದ್ದನು. ಆ ಪ್ರಾಣಿಯನ್ನು ಸಾಮ್ರಾಜ್ಯದ ಪರಮಶತ್ರುವೆಂದು ಸಾರಿ, ಸೈನಿಕರನ್ನು ಅಟ್ಟಿ ಅಳಿಸಿಹಾಕಿದ ವೃತ್ತಾಂತವನ್ನು ಕ್ಲಿಂಗನ್ನನೊಬ್ಬನು ಎದೆಯುಬ್ಬಿಸಿ ಹೇಳುವನು. ಕೇಳುವವರಿಗೆ ನಗೆ, ಅವನಿಗೆ ಅದು ವೀರಚರಿತೆ.

ವ್ಯಾಪಾರಿ ಸಿರಾನೋ ಜೋನ್ಸನ ಕಥೆಯೊಂದು ಉಳಿಯಿತು. ನಿಲ್ದಾಣದಲ್ಲಿರುವ ಟ್ರಿಬಲ್‌ಗಳನ್ನೆಲ್ಲ ಅವನೇ ಹೆಕ್ಕಿ ತೆಗೆಯಬೇಕೆಂದು ಕರ್ಕನು ವಿಧಿಸಿದ್ದನು, ಅದಕ್ಕೆ ೧೭.೯ ವರ್ಷ ಹಿಡಿಯುವುದೆಂದು ಸ್ಪಾಕನ ಲೆಕ್ಕ. ೧೯೭೩ರಲ್ಲಿ ಗೆರಾಲ್ಡ್ ಅವರೇ ಬರೆದ ಚಿತ್ರರೂಪದ ಉತ್ತರಭಾಗವನ್ನು ನೋಡಿದವರಿಗೆ ಅವನು ಅಷ್ಟು ಕಾಲ ಅಲ್ಲಿ ನಿಲ್ಲಲಿಲ್ಲವೆಂಬುದು ತಿಳಿಯುವುದು. ಟ್ರಿಬಲ್‌ಗಳನ್ನು ಹಿಡಿದು ನುಂಗುವ ಮತ್ತೊಂದು ಪ್ರಾಣಿಯನ್ನು ಎಲ್ಲಿಂದಲೋ ಸಂಪಾದಿಸಿಕೊಂಡು, ಅದನ್ನು ಕಂಕುಳಲ್ಲಿಟ್ಟು ಅವನು ಆಗಲೇ ಮುಂದಿನ ವ್ಯಾಪಾರಕ್ಕೆ ಹೊರಟಿದ್ದನು.